ಮದ್ಯತ್ಯಾಗದ ಚರಿತ್ರೆಯಲ್ಲಿ ಮನಃಪರಿವರ್ತನೆ

ಮದ, ಮದ್ಯ, ಉನ್ಮಾದ, ಪ್ರಮಾದ ಎಂಬ ನಾಲ್ಕೂ ಶಬ್ದಗಳು ‘ಮದ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಅರಿಷಡ್ವರ್ಗದಲ್ಲಿ ಐದನೆಯದಾಗಿ ಎಣಿಸಲ್ಪಡುವ ಮದಕ್ಕೂ ಸೀಸೆಯಲ್ಲಿ ತುಂಬಿಟ್ಟ ಮದ್ಯಕ್ಕೂ ಇರುವ ನಂಟನ್ನು ಭಾಷೆಯೇ ಕಂಡುಕೊಂಡು ನಮಗೆ ಕೊಟ್ಟಿದೆ. ಹೊರಗಿನ ಮದ್ಯವನ್ನು ಒಳಗಿನ ಮದವೇ ಬರಮಾಡಿಕೊಳ್ಳುವುದೋ, ಮದ್ಯವೇ ಮದವನ್ನು ಬೆಳೆಸುವುದೋ ಎಂಬ ಪ್ರಶ್ನೆ ತಾರ್ಕಿಕರಿಗೆ ಇರಲಿ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕಾದುದು ಬೇರೊಂದನ್ನು: ಕುಡಿತ ಕೆಡುಕೆಂಬುದನ್ನು ಕುಡಿಯುವವನು ಎಲ್ಲರಿಗಿಂತ ಚೆನ್ನಾಗಿ ಬಲ್ಲನು, ಬಲ್ಲವನಾದರೂ ಬಿಡಲಾರನು. ಹಾಗಾದರೆ ಬಿಟ್ಟವರು ಹೇಗೆ ಬಿಟ್ಟರು? ಅವರ ಮನಸ್ಸು ತಿರುಗಿದುದು ಯಾವ ಗಳಿಗೆಯಲ್ಲಿ, ಯಾವುದರ ದೆಸೆಯಿಂದ?

ಉಪದೇಶದಿಂದಲೇ ಮನಸ್ಸು ತಿರುಗುವುದಾಗಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದ ನನಗೆ, ಜಾತ್ರೆಯಲ್ಲಿ ದೇವರ ಮುಂದೆ ಆಣೆ ಮಾಡಿದ ತಂದೆಯೊಬ್ಬನು ಮತ್ತೆ ಅಂಗಡಿಯ ಹಾದಿ ಹಿಡಿದನೆಂಬುದು ಅವನ ಮಗನ ಹಾಜರಿ ಪುಸ್ತಕದಿಂದಲೇ ತಿಳಿದುಬರುತ್ತಿತ್ತು. ಆಣೆ ಸುಳ್ಳಾಗಿರಲಿಲ್ಲ. ಆಣೆ ಮಾಡುವಾಗ ಆ ಮನುಷ್ಯನ ಕಣ್ಣಲ್ಲಿ ಬಂದ ನೀರೂ ಸುಳ್ಳಾಗಿರಲಿಲ್ಲ. ಆದರೂ ಅದು ನಿಲ್ಲಲಿಲ್ಲ. ಇಂಥ ಮುರಿದ ಆಣೆಗಳ ಚರಿತ್ರೆ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಕಡಲಾಚೆಯ ದೇಶಗಳಲ್ಲಿ ಇದರ ಕಥೆ ವಿಸ್ತಾರವಾಗಿ ದಾಖಲಾಗಿರುವುದರಿಂದ ಮೊದಲು ಅತ್ತ ಹೋಗಿ ಬರೋಣ.

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಐರೋಪ್ಯ ಸಮಾಜವು ಪಾನವ್ಯಸನವನ್ನು ಪಾಪವೆಂದೋ ದುರ್ನಡತೆಯೆಂದೋ ಎಣಿಸುತ್ತಿತ್ತು. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಸ್ಕಾಟ್‌ಲೆಂಡಿನ ಥಾಮಸ್ ಟ್ರಾಟರ್ ೧೮೦೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದು ಮನಸ್ಸಿನ ರೋಗವೆಂದು ಸಾರಿದನು. ದೇಹಕ್ಕೆ ಔಷಧ ಕೊಟ್ಟರೆ ಸಾಲದು, ಅಭ್ಯಾಸಕ್ಕೆ ಕಟ್ಟುಬಿದ್ದ ಚಿತ್ತವನ್ನೇ ಬಿಡಿಸಬೇಕು ಎಂಬುದು ಅವನ ಅಭಿಪ್ರಾಯ. ಅಮೆರಿಕದ ಬೆಂಜಮಿನ್ ರಷ್ ಎಂಬ ವೈದ್ಯನು ೧೭೮೪ರಲ್ಲಿಯೇ ಕಟುಮದ್ಯಗಳ ಪರಿಣಾಮವನ್ನು ಕುರಿತು ಬರೆದಿದ್ದನು. ಆದರೆ ವೈದ್ಯರ ಈ ಮಾತು ಜನಸಾಮಾನ್ಯರ ಬಳಿಗೆ ಬೇಗನೆ ಇಳಿದು ಬರಲಿಲ್ಲ. ಅವರ ಬಳಿಗೆ ಬಂದುದು ಪ್ರತಿಜ್ಞೆ.

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಕಪುಚಿನ್ ಪಂಥದ ಪಾದ್ರಿಯಿದ್ದನು. ಬಡವರಿಗಾಗಿ ದುಡಿದು ಅವರ ಪ್ರೀತಿಗೆ ಪಾತ್ರನಾಗಿದ್ದವನು. ೧೮೩೮ರ ಏಪ್ರಿಲ್ ೧೦ರಂದು ಅವನು ಪಾನತ್ಯಾಗದ ಪ್ರತಿಜ್ಞೆಗೆ ಸಹಿ ಹಾಕಿದನು. ಸುದ್ದಿ ಹರಡಿದುದೇ ತಡ, ಹಳ್ಳಿಹಳ್ಳಿಗಳಿಂದ ಜನ ನಡೆದು ಬಂದರು. ಸಾಲುಸಾಲಾಗಿ ಮೊಣಕಾಲೂರಿ ಅವನು ಹೇಳಿಕೊಟ್ಟಂತೆ ಪ್ರತಿಜ್ಞೆಯ ನುಡಿಗಳನ್ನು ಹೇಳಿದರು. ಕೊರಳಿಗೆ ಪದಕ ಧರಿಸಿ ಹಿಂದಿರುಗಿದರು. ಕೆಲವೇ ವರ್ಷಗಳಲ್ಲಿ ಪ್ರತಿಜ್ಞೆ ಮಾಡಿದವರ ಲೆಕ್ಕ ಹಲವು ಲಕ್ಷಗಳನ್ನು ಮೀರಿತು. ಐರ್ಲೆಂಡಿನಲ್ಲಿ ಸುಂಕ ತೆತ್ತ ಕಟುಮದ್ಯದ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇಷ್ಟು ಅಲ್ಪಕಾಲದಲ್ಲಿ ಇಷ್ಟು ದೊಡ್ಡ ಜನಸಮುದಾಯ ಮದ್ಯದಿಂದ ಹಿಂದೆ ಸರಿದ ದೃಷ್ಟಾಂತಗಳು ಚರಿತ್ರೆಯಲ್ಲಿ ವಿರಳ.

ಹೀಗಿದ್ದರೂ ಆ ಅಲೆ ಇಳಿದುಹೋಯಿತು. ೧೮೪೫ರಲ್ಲಿ ಮೊದಲಾದ ಆಲೂಗಡ್ಡೆಯ ಕ್ಷಾಮ ಅದಕ್ಕೆ ಒಂದು ಕಾರಣವೆಂಬುದು ನಿಜ. ಹಸಿದು ಸಾಯುತ್ತಿರುವವರ ನಡುವೆ ಯಾವ ಚಳವಳಿ ನಿಂತೀತು? ಆದರೆ ಕ್ಷಾಮಕ್ಕೆ ಮುನ್ನವೇ ಬಿರುಕು ಕಾಣಿಸಿತ್ತು. ಪ್ರತಿಜ್ಞೆ ಮಾಡಿದವರನ್ನು ಮರುದಿನ ವಿಚಾರಿಸುವವರು ಬಹುಪಾಲು ಊರುಗಳಲ್ಲಿ ಇರಲಿಲ್ಲ. ಎಲ್ಲವೂ ಒಬ್ಬ ವ್ಯಕ್ತಿಯ ಪ್ರಭಾವದ ಮೇಲೆ ನಿಂತಿತ್ತು. ಜನರು ಪದಕವನ್ನೇ ತಾಯಿತದಂತೆ ನಂಬಿದರು. ಪಾದ್ರಿಯ ಕೈ ಸೋಕಿದರೆ ಸಾಕು, ಕೆಲಸವಾಯಿತೆಂದು ತಿಳಿದರು. ಪದಕಗಳ ಖರ್ಚಿನಿಂದ ಆ ಮಹನೀಯನು ಸಾಲದಲ್ಲಿ ಮುಳುಗಿದುದು ಬೇರೆ. ೧೮೫೬ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಚಳವಳಿ ತನ್ನ ಬಲವನ್ನೆಲ್ಲ ಕಳೆದುಕೊಂಡಿತ್ತು. ಮ್ಯಾಥ್ಯೂವಿನ ಸದ್ಭಾವದಲ್ಲಿ ದೋಷವೆಣಿಸುವುದು ಸಲ್ಲದು. ಆದರೆ ಅವನ ಮುಂದೆ ಮೊಣಕಾಲೂರಿದವನ ಸ್ಥಾನ ಯಾವುದು? ಅವನು ತಪ್ಪಿತಸ್ಥ, ಶರಣಾಗಿ ಬಂದವನು. ಎದ್ದು ಹೋದ ಮೇಲೆಯೂ ಅವನು ತಪ್ಪಿತಸ್ಥನಾಗಿಯೇ ಉಳಿದನು. ಇನ್ನೊಮ್ಮೆ ತಪ್ಪುವವರೆಗಿನ ಅವಧಿ ಮಾತ್ರ ಅವನಿಗೆ ದೊರಕಿತು.

ಇದಕ್ಕೆ ಎರಡು ವರ್ಷಗಳ ತರುವಾಯ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದ ಘಟನೆ ಇನ್ನೊಂದು ಬಗೆಯದು. ೧೮೪೦ರ ಏಪ್ರಿಲ್ ತಿಂಗಳಲ್ಲಿ ಚೇಸ್ ಎಂಬವನ ಪಾನಗೃಹದಲ್ಲಿ ಆರು ಮಂದಿ ಗೆಳೆಯರು ಎಂದಿನಂತೆ ಕುಳಿತಿದ್ದರು. ದರ್ಜಿ, ಬಡಗಿ, ಕಮ್ಮಾರ, ಗಾಲಿ ಮಾಡುವವ, ಸಾರೋಟು ಕಟ್ಟುವವ, ಬೆಳ್ಳಿಯ ಕೆಲಸದವ, ಹೀಗೆ ಎಲ್ಲರೂ ಕೈಕಸುಬಿನವರು. ಅಂದು ಊರಿನಲ್ಲಿ ಪಾನನಿರೋಧದ ಉಪನ್ಯಾಸವೊಂದಿತ್ತು. ಕೆಲವರು ಅದನ್ನು ಕೇಳಿ ಬಂದರು. ಪಾನಗೃಹದ ಮೇಜಿನ ಸುತ್ತಲೇ ಚರ್ಚೆ ನಡೆದು, ಕುಡಿತ ಬಿಡುವ ಸಂಘವೊಂದನ್ನು ತಾವೇ ಕಟ್ಟಿಕೊಂಡರು. ತಮ್ಮ ದೇಶದ ಮೊದಲ ಅಧ್ಯಕ್ಷ ವಾಷಿಂಗ್ಟನ್ನನ ಹೆಸರನ್ನು ಅದಕ್ಕಿಟ್ಟರು. ಅವರ ಕ್ರಮ ಅತಿ ಸರಳ: ಪ್ರತಿಯೊಬ್ಬ ಸದಸ್ಯನೂ ಮುಂದಿನ ಸಭೆಗೆ ಇನ್ನೊಬ್ಬ ಕುಡಿಯುವವನನ್ನು ಕರೆತರುವುದು; ಸಭೆಯಲ್ಲಿ ಉಪನ್ಯಾಸಕ್ಕೆ ಬದಲಾಗಿ ತನ್ನ ಕಥೆಯನ್ನು ತಾನೇ ಹೇಳುವುದು. ಬೋಧಕನೂ ಅವನೇ, ಬೋಧೆಯೂ ಅವನ ಬಾಳೇ.

ಕುಡಿಯುವವನನ್ನು ಕೆಟ್ಟವನೆಂದು ಹೊರಗಿಟ್ಟಿದ್ದ ಹಳೆಯ ಪಾನನಿರೋಧ ಸಂಘಗಳು ಬೆರಗಾದವು. ೧೮೪೨ರ ಫೆಬ್ರವರಿ ೨೨ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಸಂಘದವರ ಮುಂದೆ ಮೂವತ್ಮೂರು ವಯಸ್ಸಿನ ವಕೀಲನೊಬ್ಬನು ಭಾಷಣ ಮಾಡಿದನು. ಶಾಪಹಾಕುವ ಬೋಧಕರಿಂದ ಆಗದಿದ್ದುದು, ನಿನ್ನೆಯವರೆಗೆ ಕುಡಿಯುತ್ತಿದ್ದವರ ಸೌಮ್ಯ ಮಾತಿನಿಂದ ಆಯಿತೆಂಬುದು ಅವನ ಭಾಷಣದ ಸಾರ. ಆ ವಕೀಲನು ಅಬ್ರಹಾಂ ಲಿಂಕನ್. ಅವನ ಮಾತಿಗೆ ಚರ್ಚಿನವರು ಕೆಲವರು ಮುನಿಸಿಕೊಂಡರೆಂಬುದೂ ಚರಿತ್ರೆಯಲ್ಲಿದೆ. ನಿಂದೆಯ ಅಧಿಕಾರವನ್ನು ಬಿಟ್ಟುಕೊಡುವುದು ಧರ್ಮಾಧಿಕಾರಿಗಳಿಗೆ ಎಲ್ಲ ಕಾಲದಲ್ಲಿಯೂ ಕಷ್ಟವೇ.

ವಾಷಿಂಗ್ಟನ್ ಸಂಘವೂ ಹತ್ತು ವರ್ಷ ತುಂಬುವುದರೊಳಗೆ ಕರಗಿತು. ಎಂದೂ ಕುಡಿಯದವರು ಗುಂಪಾಗಿ ಬಂದು ಸೇರಿದರು. ಕಾನೂನಿನಿಂದ ಪಾನನಿಷೇಧ ತರಬೇಕೆ ಬೇಡವೆ ಎಂಬ ರಾಜಕೀಯ ವಾದ ಸಭೆಗಳನ್ನು ಒಡೆಯಿತು. ತಮ್ಮ ಕಥೆಯನ್ನು ಚೆನ್ನಾಗಿ ಹೇಳಬಲ್ಲವರು ಹಣ ಪಡೆದು ಊರೂರು ಸುತ್ತುವ ವಾಗ್ಮಿಗಳಾದರು. ಅಂಥ ಪ್ರಖ್ಯಾತರಲ್ಲೊಬ್ಬನಾದ ಜಾನ್ ಗಫ್ ೧೮೪೫ರಲ್ಲಿ ಮತ್ತೆ ಕುಡಿದು ಸಿಕ್ಕಿಬಿದ್ದನು. ಒಬ್ಬ ಹೆಸರುವಾಸಿಯ ಪತನದಿಂದ ಹೆಸರಿಲ್ಲದ ನೂರಾರು ಮಂದಿಯ ಧೈರ್ಯ ಕುಸಿಯುತ್ತದೆ ಎಂಬ ಪಾಠ ಅಂದೇ ಬರೆಯಲ್ಪಟ್ಟಿತು. ಅದನ್ನು ಓದಿದವರು ಮಾತ್ರ ಒಂದು ಶತಮಾನದ ಅನಂತರ ಬಂದರು.

ಆ ನಡುವೆ ಅಮೆರಿಕವು ಕಾನೂನಿನ ದಾರಿಯನ್ನೂ ನಡೆದು ನೋಡಿತು. ೧೯೨೦ರ ಜನವರಿಯಲ್ಲಿ ದೇಶವ್ಯಾಪಿಯಾಗಿ ಜಾರಿಗೆ ಬಂದ ಪಾನನಿಷೇಧ ೧೯೩೩ರ ಡಿಸೆಂಬರಿನಲ್ಲಿ ರದ್ದಾಯಿತು. ಅದರ ಸಾಧಕಬಾಧಕಗಳು ನಮ್ಮ ವಿಷಯಕ್ಕೆ ಹೊರಗಿನವು. ಆ ಹದಿನಾಲ್ಕು ವರ್ಷಗಳಲ್ಲಿ ಒಂದು ದಿನವೂ ಮದ್ಯಕ್ಕೆ ಕೊರತೆ ಕಾಣದ ಇಬ್ಬರು ವ್ಯಸನಿಗಳ ಕಥೆ ಮಾತ್ರ ಒಳಗಿನದು.

ಒಬ್ಬನು ಬಿಲ್ ವಿಲ್ಸನ್. ೧೮೯೫ರಲ್ಲಿ ಹುಟ್ಟಿದವನು, ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಗಳಿಸಿ ಕುಡಿತದಿಂದ ಕಳೆದುಕೊಂಡವನು. ೧೯೩೪ರ ನವೆಂಬರಿನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯನು ಅವನನ್ನು ಕಾಣಲು ಬಂದನು. ಬಿಲ್ ಲೋಟ ಮುಂದೆ ಸರಿಸಿದಾಗ ಗೆಳೆಯನು ಬೇಡವೆಂದನು. ಈ ಗೆಳೆಯನನ್ನು ತಿದ್ದಿದವರಲ್ಲಿ ರೋಲಂಡ್ ಹಝಾರ್ಡ್ ಎಂಬ ಶ್ರೀಮಂತನೊಬ್ಬನಿದ್ದನು. ಅವನು ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗರ ಬಳಿ ಚಿಕಿತ್ಸೆಗೆ ಹೋಗಿದ್ದವನು. ನಿನ್ನಂಥವನಿಗೆ ವೈದ್ಯದಲ್ಲಿ ಆಸೆಯಿಲ್ಲ, ಆಧ್ಯಾತ್ಮಿಕವಾದ ಪೂರ್ಣ ಪರಿವರ್ತನೆಯೊಂದೇ ದಾರಿಯೆಂದು ಅವರಿಂದ ಹೇಳಿಸಿಕೊಂಡು ಬಂದವನು. ಬಹುಕಾಲದ ಮೇಲೆ, ೧೯೬೧ರ ಜನವರಿಯಲ್ಲಿ, ಬಿಲ್ ಬರೆದ ಪತ್ರಕ್ಕೆ ಯೂಂಗರು ಕೊಟ್ಟ ಉತ್ತರದಲ್ಲಿ ಒಂದು ಸ್ವಾರಸ್ಯವಿದೆ: ಲ್ಯಾಟಿನ್ ಭಾಷೆಯಲ್ಲಿ ಮದ್ಯಕ್ಕೂ ಪರಮವಾದ ಆತ್ಮಾನುಭವಕ್ಕೂ ಒಂದೇ ಶಬ್ದವಿರುವುದನ್ನು ಅವರು ಎತ್ತಿ ತೋರಿಸಿದರು. ನಮ್ಮ ‘ಮದ್’ ಧಾತು ಅವರ ಕಿವಿಗೆ ಬಿದ್ದಿದ್ದರೆ ಸಂತೋಷಪಡುತ್ತಿದ್ದರೇನೋ.

ಗೆಳೆಯನು ಬಂದು ಹೋದ ಮೇಲೂ ಬಿಲ್ ಕುಡಿದನು. ಡಿಸೆಂಬರ್ ೧೧ರಂದು ಟೌನ್ಸ್ ಆಸ್ಪತ್ರೆಗೆ ಸೇರಿದನು. ಅಲ್ಲಿ ತನ್ನ ಅಸಹಾಯಕತೆಯ ತಳಮುಟ್ಟಿದ ಗಳಿಗೆಯಲ್ಲಿ ಕೋಣೆಯೆಲ್ಲ ಬೆಳಕಾದ ಅನುಭವ ಅವನಿಗಾಯಿತು. ಅದು ದಿವ್ಯಾನುಭವವೋ, ಆಗ ಕೊಡುತ್ತಿದ್ದ ಔಷಧದ ಪರಿಣಾಮವೋ ಎಂದು ಇಂದಿಗೂ ವಾದಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಈ ವಾದದಿಂದ ಪ್ರಯೋಜನವಿಲ್ಲ. ಏಕೆಂದರೆ ನಿಜವಾದ ಪರೀಕ್ಷೆ ಬಂದುದು ಬೆಳಕಿನ ರಾತ್ರಿಯಲ್ಲಿ ಅಲ್ಲ, ಐದು ತಿಂಗಳ ಮೇಲೆ ಪರಊರಿನ ಒಂದು ಶನಿವಾರದಂದು.

ಆ ಐದು ತಿಂಗಳು ಬಿಲ್ ಕಂಡಕಂಡ ವ್ಯಸನಿಗಳಿಗೆಲ್ಲ ತನ್ನ ಬೆಳಕಿನ ಕಥೆ ಹೇಳುತ್ತ ತಿರುಗಿದನು. ಒಬ್ಬನೂ ಬಿಡಲಿಲ್ಲ. ಸೋತು ಕುಳಿತಾಗ ಅವನ ಹೆಂಡತಿ ಲೋಯಿಸ್ ನೆನಪಿಸಿದಳು: ಯಾರೂ ಬಿಡದಿರಬಹುದು, ಈ ಕೆಲಸದಲ್ಲಿರುವಷ್ಟು ದಿನ ನೀವಂತೂ ಕುಡಿದಿಲ್ಲ. ಆಸ್ಪತ್ರೆಯ ವೈದ್ಯ ಸಿಲ್ಕ್‌ವರ್ತ್ ಬೋಧೆ ಕಡಿಮೆ ಮಾಡು, ರೋಗದ ಸ್ವರೂಪವನ್ನು ಮೊದಲು ತಿಳಿಸು ಎಂದು ಬುದ್ಧಿ ಹೇಳಿದನು. ೧೯೩೫ರ ಮೇ ತಿಂಗಳಲ್ಲಿ ವ್ಯಾಪಾರದ ನಿಮಿತ್ತ ಬಿಲ್ ಓಹಾಯೊ ಪ್ರಾಂತದ ಅಕ್ರನ್ ನಗರಕ್ಕೆ ಹೋದನು. ವ್ಯವಹಾರ ಮುರಿಯಿತು. ಮೇ ೧೧ರ ಸಂಜೆ ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಒಂದು ಬದಿಯಲ್ಲಿ ಪಾನಶಾಲೆಯ ನಗೆಮಾತು, ಇನ್ನೊಂದು ಬದಿಯಲ್ಲಿ ದೂರವಾಣಿ ಮತ್ತು ಗೋಡೆಗೆ ತೂಗುಹಾಕಿದ ಚರ್ಚುಗಳ ಪಟ್ಟಿ. ಆ ಕ್ಷಣದಲ್ಲಿ ಅವನಿಗೆ ಹೊಳೆದುದನ್ನು ಈ ಚರಿತ್ರೆಯ ತಿರುವೆಂದು ನಾನು ಭಾವಿಸುತ್ತೇನೆ. ತನ್ನನ್ನು ಉಳಿಸುವ ಒಬ್ಬ ಸಾಧು ಬೇಕೆಂದು ಅವನಿಗೆ ಅನಿಸಲಿಲ್ಲ. ತಾನು ಮಾತಾಡಿಸಬಹುದಾದ ಇನ್ನೊಬ್ಬ ಕುಡಿಯುವವನು ಬೇಕೆಂದೆನಿಸಿತು.

ಪಟ್ಟಿಯಲ್ಲಿದ್ದ ಪಾದ್ರಿಯೊಬ್ಬನಿಂದ ಆರಂಭಿಸಿ ದೂರವಾಣಿಯಲ್ಲಿ ಹಲವರನ್ನು ವಿಚಾರಿಸಿ, ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮನೆಯಲ್ಲಿ ಮರುದಿನ ಸಂಜೆ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಅವನು ಕಂಡನು. ಈ ವೈದ್ಯನು ನಾಸ್ತಿಕನೇನಲ್ಲ. ಎರಡು ವರ್ಷಗಳಿಗೂ ಹೆಚ್ಚು ಕಾಲದಿಂದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಕೂಟಕ್ಕೆ ಹೋಗುತ್ತಿದ್ದನು. ಪ್ರಾರ್ಥಿಸುತ್ತಿದ್ದನು, ಗ್ರಂಥಗಳನ್ನು ಓದುತ್ತಿದ್ದನು, ಕುಡಿಯುತ್ತಲೂ ಇದ್ದನು. ಹದಿನೈದು ನಿಮಿಷ ಮಾತ್ರ ಕುಳಿತುಕೊಳ್ಳುವೆನೆಂದು ಬಂದವನು ರಾತ್ರಿ ಹನ್ನೊಂದರ ಸುಮಾರಿಗೆ ಎದ್ದನು. ಇಷ್ಟು ದಿನ ಕೇಳದ ಯಾವ ಹೊಸ ತತ್ತ್ವವನ್ನು ಅಂದು ಕೇಳಿದನು? ಯಾವುದನ್ನೂ ಇಲ್ಲ. ಎದುರಿಗಿದ್ದವನು ತನ್ನನ್ನು ತಿದ್ದಲು ಬಂದಿಲ್ಲ, ತನ್ನ ಸಹಾಯ ಕೇಳಲು ಬಂದಿದ್ದಾನೆ ಎಂಬುದಷ್ಟೇ ಹೊಸದು. ಅದಾದ ಮೇಲೂ ಅವನು ಒಮ್ಮೆ ಜಾರಿದನು. ೧೯೩೫ರ ಜೂನ್ ೧೦ರಂದು ಕುಡಿದುದು ಅವನ ಕೊನೆಯ ಗುಟುಕು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟ, ತನ್ನ ಹುಟ್ಟಿದ ದಿನವಾಗಿ ಎಣಿಸುತ್ತದೆ.

ತಿಂಗಳು ತುಂಬುವುದರೊಳಗೆ ಇಬ್ಬರೂ ಅಕ್ರನ್ ನಗರದ ಆಸ್ಪತ್ರೆಯಲ್ಲಿ ದಾದಿಯರ ಮೇಲೆ ಕೈಮಾಡಿ ಮಂಚಕ್ಕೆ ಕಟ್ಟಿಸಿಕೊಂಡಿದ್ದ ವಕೀಲನೊಬ್ಬನ ಬಳಿ ಹೋಗಿ ಕುಳಿತರು. ಅವನು ಮೂರನೆಯವನಾದನು. ೧೯೩೯ರಲ್ಲಿ ಕೂಟದ ಹೆಸರನ್ನೇ ಹೊತ್ತ ಪುಸ್ತಕ ಪ್ರಕಟವಾದಾಗ ನೂರರ ಆಸುಪಾಸಿನಲ್ಲಿದ್ದ ಸಂಖ್ಯೆ ೧೯೪೧ರ ಅಂತ್ಯಕ್ಕೆ ಎಂಟು ಸಾವಿರ ಮುಟ್ಟಿತು. ವಾಷಿಂಗ್ಟನ್ ಸಂಘದ ಅಳಿವನ್ನು ಇವರು ತಿಳಿದುಕೊಂಡು ಕಟ್ಟಳೆಗಳನ್ನು ಮಾಡಿಕೊಂಡರು: ರಾಜಕೀಯ ವಾದಕ್ಕೆ ಇಳಿಯತಕ್ಕದ್ದಲ್ಲ, ಹೊರಗಿನವರ ಹಣ ಪಡೆಯತಕ್ಕದ್ದಲ್ಲ, ಪತ್ರಿಕೆಗಳಲ್ಲಿ ಸದಸ್ಯನ ಹೆಸರು ಬರತಕ್ಕದ್ದಲ್ಲ. ಜನ್ಮಪೂರ್ತಿಯ ಪ್ರತಿಜ್ಞೆಯನ್ನು ಅವರು ಕೇಳುವುದಿಲ್ಲ. ಈ ಒಂದು ದಿನ ಕುಡಿಯದಿರು ಎನ್ನುತ್ತಾರೆ. ೨೦೨೦ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಹಲವಾರು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಕುಡಿತವನ್ನು ಪೂರ್ತಿಯಾಗಿ ಬಿಟ್ಟು ಬಾಳುವ ವಿಷಯದಲ್ಲಿ ಈ ದಾರಿ ಉಳಿದ ಸುಸಂಘಟಿತ ಚಿಕಿತ್ಸೆಗಳಿಗೆ ಸಮನಾದದ್ದು ಅಥವಾ ಮಿಗಿಲಾದದ್ದೆಂದು ಕಂಡುಕೊಂಡಿತು.

ವಚನ ವಾಙ್ಮಯದ ಪರಿಚಯವುಳ್ಳ ವಾಚಕರಿಗೆ ಇಲ್ಲಿ ಷಟ್ಸ್ಥಲದ ಕ್ರಮ ನೆನಪಾಗದಿರದು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ ಎಂದು ನಮ್ಮವರು ಭಕ್ತಿಯನ್ನು ಮೆಟ್ಟಿಲಾಗಿ ಅಳವಡಿಸಿದರು. ನಿಷ್ಠೆಯಲ್ಲಿಯೇ ನಿಲ್ಲಲಿಲ್ಲ. ವ್ರತ ಹಿಡಿದವನು ತನ್ನ ಕೈಗೆ ಬಂದ ಒಂದೊಂದು ಪದಾರ್ಥವನ್ನೂ ಆಯಾ ಗಳಿಗೆಯಲ್ಲಿ ಎಚ್ಚರದಿಂದ ನೋಡಿ ಸ್ವೀಕರಿಸಬೇಕೆಂಬುದು ಅವಧಾನ. ಐರ್ಲೆಂಡಿನ ಲಕ್ಷಾಂತರ ಜನರಲ್ಲಿ ನಿಷ್ಠೆ ಇತ್ತು. ದಿನದಿನದ ಅವಧಾನಕ್ಕೆ ಏರ್ಪಾಡು ಇರಲಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ತರವಲ್ಲ. ಅಕ್ರನ್ನಿನವರು ಷಟ್ಸ್ಥಲವನ್ನು ಬಲ್ಲವರಲ್ಲ, ಶರಣರು ಅಕ್ರನ್ನಿಗಾಗಿ ಬರೆದವರೂ ಅಲ್ಲ.

ಈಗ ನಮ್ಮ ನಾಡಿಗೆ ಬರೋಣ. ಇಲ್ಲಿಯೂ ಕಾನೂನಿನ ಪ್ರಯೋಗ ನಡೆದಿದೆ. ಸಂವಿಧಾನದ ೪೭ನೆಯ ಅನುಚ್ಛೇದ ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಹೇಳುತ್ತದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳು ೧೯೪೯ರ ಮುಂಬಯಿ ಕಾನೂನಿನ ಕೆಳಗಿದ್ದವು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿತ ಮಾತ್ರ ಅಗ್ಗದ ಬೇರೆ ಮದ್ಯಕ್ಕೆ ತಿರುಗಿಕೊಂಡಿತು.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯ ವೈಶಿಷ್ಟ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜಂಗಮನ ಜೋಳಿಗೆ ಜೋಳವನ್ನೋ ರೊಟ್ಟಿಯನ್ನೋ ಬೇಡುವುದು ಲೋಕರೂಢಿ. ಈ ಜೋಳಿಗೆ ಬೇಡಿದುದು ದುಶ್ಚಟವನ್ನು. ಕೇರಿಕೇರಿಗಳಲ್ಲಿ ಕಾಲ್ನಡಿಗೆಯಿಂದ ಹೋಗಿ, ನಿಮ್ಮ ಚಟವನ್ನು ಇದರಲ್ಲಿ ಹಾಕಿರಿ ಎಂದು ಜೋಳಿಗೆ ಒಡ್ಡಿ ನಿಂತರು. ಮೇಲ್ನೋಟಕ್ಕೆ ಇದು ಮತ್ತೊಂದು ಪ್ರತಿಜ್ಞೆಯಂತೆ ತೋರುವುದು. ಆದರೆ ನಿಂತವರ ಸ್ಥಾನಗಳನ್ನು ಗಮನಿಸಿರಿ. ಮ್ಯಾಥ್ಯೂ ಪಾದ್ರಿಯ ಮುಂದೆ ಕುಡಿಯುವವನು ಮೊಣಕಾಲೂರಿದನು. ಇಲ್ಲಿ ಬೇಡುವವರು ಗುರುಗಳು, ನೀಡುವವನು ಕುಡಿಯುವವನು. ಮನೆಯಲ್ಲಿ ಹೆಂಡತಿಯಿಂದಲೂ ಕೇರಿಯಲ್ಲಿ ನೆರೆಯವರಿಂದಲೂ ಛೀ ಎನ್ನಿಸಿಕೊಂಡವನು ಆ ಗಳಿಗೆಯಲ್ಲಿ ದಾನಿಯಾಗುತ್ತಾನೆ. ತನ್ನಲ್ಲಿ ಕೊಡುವಂಥದ್ದು ಏನೂ ಉಳಿದಿಲ್ಲವೆಂದು ನಂಬಿದ್ದವನಿಗೆ ಕೊಡಲು ಒಂದು ವಸ್ತು ಇದೆಯೆಂದಾಗುತ್ತದೆ. ಕೊಟ್ಟ ಭಿಕ್ಷೆಯನ್ನು ಹಿಂದಕ್ಕೆ ಕೇಳುವುದು ನಮ್ಮ ಜನರಿಗೆ ಒಗ್ಗದ ಮಾತು. ಆ ಸಂಕೋಚದ ಬಲವನ್ನು ಸ್ವಾಮಿಗಳು ಬಲ್ಲವರಾಗಿದ್ದರು. ೧೯೩೦ರ ಆಗಸ್ಟ್ ೧ರಂದು ಜನಿಸಿದ ಅವರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತ ಬಂದಿದೆ.

ಅಕ್ರನ್ನಿನಲ್ಲಿ ಸಹಾಯಕನಾದುದರಿಂದ, ಇಳಕಲ್ಲಿನಲ್ಲಿ ದಾನಿಯಾದುದರಿಂದ ಕುಡಿಯುವವನ ಮನಸ್ಸು ತಿರುಗಿತು. ಬಾಲ್ಟಿಮೋರಿನ ಆರು ಮಂದಿಯೂ ಕೇಳುಗರ ಬೆಂಚಿನಿಂದ ಎದ್ದು ಹೇಳುವವರಾದಾಗಲೇ ಗೆದ್ದರು. ತನ್ನನ್ನು ತಾನು ನೋಡಿಕೊಳ್ಳುವ ನೋಟ ಬದಲಾಗದೆ ಲೋಟವನ್ನು ನೋಡುವ ನೋಟ ಬದಲಾಗದೆಂಬುದು ನನ್ನ ತಿಳಿವಳಿಕೆ. ಇದರೊಂದಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಬುದ್ಧಿಭ್ರಮಣೆಯಾಗಿ ಪ್ರಾಣಕ್ಕೇ ಅಪಾಯವಾಗುವುದುಂಟು. ಮನಸ್ಸು ಗಟ್ಟಿಯಾಗಿದ್ದರೆ ಸಾಕೆಂದು ಅಂಥವನನ್ನು ಮನೆಯಲ್ಲಿ ಕೂಡಿಹಾಕುವುದು ತಪ್ಪು. ಮೊದಲ ಕೆಲವು ದಿನಗಳು ವೈದ್ಯರ ಕೈಯಲ್ಲಿ ಕಳೆಯತಕ್ಕವು. ಅಕ್ರನ್ನಿನ ಮೂರನೆಯವನು ದೊರೆತುದೂ ಆಸ್ಪತ್ರೆಯ ಮಂಚದ ಮೇಲೆಯೇ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬೊಬ್ಬರಿದ್ದರು. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ ಹನ್ನೆರಡು ವಚನಗಳು ದೊರೆತಿವೆ. ಹೆಂಡ ಮಾರುವ ಕಸುಬಿನವರಾದ ಅವರು ಅನುಭಾವವನ್ನು ಹೇಳಲು ಆ ಕಸುಬಿನ ಮಾತುಗಳನ್ನೇ ಬಳಸಿದರು. ಹೆಂಡವನ್ನು ಬಲ್ಲವರ ಮಾತನ್ನು ಹೆಂಡವನ್ನು ಬಲ್ಲವರು ಬೇಗ ಕೇಳುವರೆಂಬುದು ಇಂದಿನ ನಮ್ಮ ವ್ಯಸನಮುಕ್ತಿ ಸಭೆಗಳಲ್ಲಿ ಮರೆತುಹೋಗುತ್ತಿದೆ. ವೇದಿಕೆಯ ಮೇಲೆ ಎಂದೂ ಕುಡಿಯದ ನಾವು ಕುಳಿತಿರುತ್ತೇವೆ. ಬಿಟ್ಟವರನ್ನು ಕೆಳಗೆ ಚಾಪೆಯ ಮೇಲೆ ಕೂಡಿಸಿ ಹಾರ ಹಾಕಿ ಕಳುಹಿಸುತ್ತೇವೆ. ಕಳೆದ ವರ್ಷ ಜೋಳಿಗೆಗೆ ಚಟವನ್ನು ನೀಡಿದ ನಾಲ್ಕು ಮಂದಿಯನ್ನು ಈ ವರ್ಷ ಮುಂದಿನ ಕೇರಿಗೆ ಜೋಳಿಗೆಯ ಜೊತೆಯಲ್ಲಿ ಕಳುಹಿಸುವುದೂ, ಅವರಲ್ಲಿ ಜಾರಿದವನೊಬ್ಬನಿದ್ದರೆ ಅವನ ಮನೆಯ ಕಟ್ಟೆಯ ಮೇಲೆ ಉಳಿದ ಮೂವರು ಹೋಗಿ ಕುಳಿತುಕೊಳ್ಳುವುದೂ ಹೆಚ್ಚು ಖರ್ಚಿನ ಕೆಲಸವಲ್ಲ. ಮಠಗಳ ಆಡಳಿತದವರು ಇದನ್ನು ಬರುವ ಶ್ರಾವಣಮಾಸದ ಕಾರ್ಯಕ್ರಮಗಳಲ್ಲಿ ಪರಿಶೀಲಿಸಬಹುದು.